ಬಳ್ಳಾರಿ ಬಿಸಿಲಿಗೆ ತಣ್ಣನೆಯ ಪಾಸ್ತಾ ಸಲಾಡ್: ಪದೇ ಪದೇ ಕೇಳುವ ಪ್ರಶ್ನೆಗಳು

ಏಪ್ರಿಲ್ ಹೊತ್ತಿಗೆ ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಹೊಸದೇನಲ್ಲ. ಮಧ್ಯಾಹ್ನ ಒಲೆ ಮುಂದೆ ನಿಲ್ಲುವ ಮನಸ್ಸು ಯಾರಿಗೂ ಇರುವುದಿಲ್ಲ. ಬೆಳಿಗ್ಗೆ ಒಂದು ಸಲ ಒಲೆ ಹಚ್ಚಿ ಮುಗಿಸಿ, ಮಧ್ಯಾಹ್ನ ತಣ್ಣಗೆ ತಿನ್ನಬಹುದಾದ ತಿನಿಸು ಪಾಸ್ತಾ ಸಲಾಡ್. ಬೇಕಾಗುವುದರಲ್ಲಿ ಮುಕ್ಕಾಲು ಪಾಲು ಅಡುಗೆಮನೆ ಡಬ್ಬಿಗಳಲ್ಲೇ ಇರುತ್ತದೆ. ಇದು ಕೆಡುವುದು ಹೆಚ್ಚಾಗಿ ಎರಡೇ ಕಾರಣಕ್ಕೆ: ಎಲ್ಲೋ ನೀರು ಉಳಿದಿರುತ್ತದೆ, ಇಲ್ಲವೇ ತಣ್ಣಗಾಗುವುದು ತಡವಾಗಿರುತ್ತದೆ. ಕೆಳಗಿನ ಉತ್ತರಗಳು ಬಹುಪಾಲು ಈ ಎರಡರ ಸುತ್ತಲೇ ಇವೆ.

ಅಳತೆಯಲ್ಲಿ ಚಮಚ ಎಂದರೆ 5 ಮಿಲಿ, ದೊಡ್ಡ ಚಮಚ ಎಂದರೆ 15 ಮಿಲಿ, ಕಪ್ ಎಂದರೆ 200 ಮಿಲಿ.

ನಾಲ್ಕು ಜನಕ್ಕೆ ಏನೇನು, ಎಷ್ಟೆಷ್ಟು ಬೇಕು?

ಒಣ ಪಾಸ್ತಾ 250 ಗ್ರಾಂ. ಬೆಂದ ಮೇಲೆ ತೂಕ ಇಮ್ಮಡಿಗಿಂತ ಸ್ವಲ್ಪ ಹೆಚ್ಚೇ ಆಗುತ್ತದೆ, ಆದ್ದರಿಂದ ಕಡಿಮೆ ಅನ್ನಿಸಿದರೂ ಜಾಸ್ತಿ ಹಾಕಬೇಡಿ. ಒಣ ಕಾಬೂಲಿ ಕಡಲೆ ಅರ್ಧ ಕಪ್. ನೆನೆದು ಬೆಂದರೆ ಒಂದು ಕಪ್ ಮೀರುತ್ತದೆ. ದೊಡ್ಡ ಸವತೆಕಾಯಿ 1, ಗಟ್ಟಿ ಟೊಮೆಟೊ 2, ಮಧ್ಯಮ ಗಾತ್ರದ ಉಳ್ಳಾಗಡ್ಡಿ 1, ಗಜ್ಜರಿ 1, ಹುರಿದು ಸಿಪ್ಪೆ ತೆಗೆದ ಶೇಂಗಾ 3 ದೊಡ್ಡ ಚಮಚ, ಕೊತ್ತಂಬರಿ ಒಂದು ಹಿಡಿ.

ಡ್ರೆಸ್ಸಿಂಗ್‌ಗೆ (ಸಲಾಡ್‌ಗೆ ಬೆರೆಸುವ ಎಣ್ಣೆ, ಹುಳಿಯ ಮಿಶ್ರಣ) ಎಣ್ಣೆ 4 ದೊಡ್ಡ ಚಮಚ, ಲಿಂಬೆರಸ 2 ದೊಡ್ಡ ಚಮಚ, ಜಜ್ಜಿದ ಬೆಳ್ಳುಳ್ಳಿ 2 ಎಸಳು, ಸಣ್ಣಗೆ ಹೆಚ್ಚಿದ ಹಸಿಮೆಣಸಿನಕಾಯಿ 1 ಅಥವಾ 2, ಸಾಸಿವೆ ಪುಡಿ ಅರ್ಧ ಚಮಚ, ಸಕ್ಕರೆ ಅರ್ಧ ಚಮಚ, ಉಪ್ಪು ಮುಕ್ಕಾಲು ಚಮಚ. ಬೇಸಿಗೆಯಲ್ಲಿ ಲಿಂಬೆಹಣ್ಣು ದುಬಾರಿಯಾಗಿ, ರಸವೂ ಕಡಿಮೆ ಇರುತ್ತದೆ. ಎರಡು ಹಣ್ಣಿನಲ್ಲಿ ಅಳತೆ ತುಂಬದಿದ್ದರೆ ಮೂರನೆಯದನ್ನು ಹಿಂಡಿ. ಹಣ್ಣಿನ ಲೆಕ್ಕ ನಂಬಬೇಡಿ, ಚಮಚದ ಲೆಕ್ಕ ನಂಬಿ.

ಕೆಲಸದ ಕ್ರಮ ಹೇಗೆ? ಯಾವುದು ಮೊದಲು?

ರಾತ್ರಿ ಕಡಲೆ ನೆನೆಹಾಕಿ. ಬೆಳಿಗ್ಗೆ 6ಕ್ಕೆ ಒಂದು ಒಲೆ ಮೇಲೆ ಕಡಲೆಯ ಕುಕ್ಕರ್, ಇನ್ನೊಂದರ ಮೇಲೆ ಪಾಸ್ತಾಗೆ ನೀರು ಇಡಿ. ನೀರು ಕಾಯುವಷ್ಟರಲ್ಲಿ ಸವತೆಕಾಯಿ ಹೆಚ್ಚಿ ಉಪ್ಪು ಹಚ್ಚಿಡಿ, ಉಳ್ಳಾಗಡ್ಡಿ ಹೆಚ್ಚಿ ಒಂದು ಚಮಚ ಲಿಂಬೆರಸದಲ್ಲಿ ಹಾಕಿಡಿ (ಇದು ಡ್ರೆಸ್ಸಿಂಗ್‌ನ ಎರಡು ದೊಡ್ಡ ಚಮಚದಲ್ಲಿ ಸೇರಿಲ್ಲ). ಪಾಸ್ತಾ ಬೇಯುವಾಗ ಒಂದು ಬಾಟಲಿಗೆ ಡ್ರೆಸ್ಸಿಂಗ್ ಸಾಮಾನೆಲ್ಲ ಹಾಕಿ, ಮುಚ್ಚಳ ಬಿಗಿದು ಅರ್ಧ ನಿಮಿಷ ಜೋರಾಗಿ ಅಲುಗಾಡಿಸಿ. ಪಾಸ್ತಾ ಸೋಸಿ, ತಣ್ಣೀರಿನಲ್ಲಿ ಅದ್ದಿ, ನೀರು ಬಸಿದು, ಎರಡು ದೊಡ್ಡ ಚಮಚ ಡ್ರೆಸ್ಸಿಂಗ್ ಸವರಿ. ಕಡಲೆ, ಗಜ್ಜರಿ ಕೂಡಿಸಿ ಮುಚ್ಚಿ ಫ್ರಿಜ್‌ಗೆ ಇಡಿ. ಸವತೆಕಾಯಿ, ಉಳ್ಳಾಗಡ್ಡಿ ಬೇರೆ ಡಬ್ಬಿಯಲ್ಲಿ ಫ್ರಿಜ್ ಸೇರಲಿ. ತಿನ್ನುವ ಹತ್ತು ನಿಮಿಷ ಮುಂಚೆ ಅವನ್ನೂ ಟೊಮೆಟೊವನ್ನೂ ಉಳಿದ ಡ್ರೆಸ್ಸಿಂಗ್ ಅನ್ನೂ ಸೇರಿಸಿ. ಶೇಂಗಾ, ಕೊತ್ತಂಬರಿ ತಟ್ಟೆಗೆ ಬಡಿಸುವಾಗ ಮೇಲೆ.

ಒಲೆ ಉರಿಯುವುದು ಮುಕ್ಕಾಲು ಗಂಟೆ. ಏಳು ಗಂಟೆಗೆ ಅಡುಗೆಮನೆ ಖಾಲಿ.

ಯಾವ ಪಾಸ್ತಾ ತರಬೇಕು?

ಪೊಟ್ಟಣದ ಹಿಂಬದಿ ಓದಿ. ದುರಮ್ ಗೋಧಿ ರವೆ ಎಂದಿದ್ದರೆ ತನ್ನಿ. ಮೈದಾ ಎಂದಿದ್ದರೆ ಬಿಸಿ ಪಾಸ್ತಾಗೆ ಹೇಗೋ ನಡೆಯುತ್ತದೆ, ಸಲಾಡ್‌ಗೆ ನಡೆಯುವುದಿಲ್ಲ. ದುರಮ್ ಗಟ್ಟಿ ಕಾಳಿನ ಗೋಧಿ. ಅದರ ಪ್ರೋಟೀನು ಜಾಲದ ಹಾಗೆ ಹೆಣೆದುಕೊಂಡು ಒಳಗಿನ ಪಿಷ್ಟವನ್ನು ಹಿಡಿದಿಡುತ್ತದೆ. ಮೈದಾ ಪಾಸ್ತಾದಲ್ಲಿ ಆ ಹಿಡಿತ ಸಡಿಲ, ಪಿಷ್ಟ ನೀರಿಗೆ ಬಿಟ್ಟುಕೊಂಡು ಮೇಲ್ಮೈ ಗಂಜಿಯಾಗುತ್ತದೆ. ನೋಡಿದರೂ ಸ್ವಲ್ಪ ಗೊತ್ತಾಗುತ್ತದೆ: ದುರಮ್ ಪಾಸ್ತಾ ತಿಳಿ ಹಳದಿ, ಮೈದಾದ್ದು ಬಿಳಿಚು. ನಮ್ಮ ಕಡೆ ಗೋಧಿ ಹುಗ್ಗಿಗೆಂದು ಹುಡುಕಿ ತರುವ ಜವೆಗೋಧಿ ಇದೇ ದುರಮ್‌ನ ಪೂರ್ವಜ. ವಿದೇಶಿ ಎಂದುಕೊಂಡ ಈ ಕಾಳಿನ ಹಿರಿಯ ನೆಂಟ ನಮ್ಮ ಹುಗ್ಗಿಯಲ್ಲೇ ಇದ್ದಾನೆ.

ಆಕಾರದಲ್ಲಿ ತಿರುಪಿನಂತಿರುವ ಫ್ಯೂಸಿಲಿ ಎಲ್ಲಕ್ಕಿಂತ ವಾಸಿ. ಸುರುಳಿಯ ಸಂದಿನಲ್ಲಿ ಡ್ರೆಸ್ಸಿಂಗ್ ನಿಲ್ಲುತ್ತದೆ, ಒಳಗೆ ನೀರು ಕಟ್ಟುವುದಿಲ್ಲ. ಕೊಳವೆಯಂಥ ಪೆನ್ನೆ ಎರಡನೆಯದು. ಚಿಪ್ಪಿನಾಕಾರದ್ದು ನೋಡಲು ಚಂದ, ಆದರೆ ಒಂದರೊಳಗೊಂದು ಕೂತು ನೀರು ಹಿಡಿದುಕೊಳ್ಳುತ್ತದೆ. ಚಿಟ್ಟೆಯಾಕಾರದ್ದರ ಅಂಚು ಬೆಂದರೂ ನಡುಗಂಟು ಬಿರುಸಾಗಿಯೇ ಇರುತ್ತದೆ. ಸ್ಪಗೆಟಿ ಬೇಡ, ತಣ್ಣಗಾದರೆ ಜಡೆಗಟ್ಟುತ್ತದೆ.

ಕಿರಾಣಿ ಅಂಗಡಿಯಲ್ಲಿ ತೂಕಕ್ಕೆ ಮಾರುವ ಬಿಡಿ ಮ್ಯಾಕರೋನಿ ಆಗುತ್ತದೆಯೇ?

ಅದೊಂದೇ ಇದ್ದರೆ ಆಗುತ್ತದೆ, ಜಾಗ್ರತೆ ಬೇಕು. ಬಹುತೇಕ ಮೈದಾದ್ದೇ ಇರುತ್ತದೆ, ಬೇಯುವ ಸಮಯ ಬರೆದಿರುವುದಿಲ್ಲ. 4ನೇ ನಿಮಿಷದಿಂದ ಪ್ರತಿ ನಿಮಿಷಕ್ಕೊಂದು ಕಾಳು ತೆಗೆದು ಕಚ್ಚಿ ನೋಡಿ. ನಡುವೆ ಬಿಳಿ ಚುಕ್ಕೆ ಮಾಯವಾದ ಕ್ಷಣವೇ ಸೋಸಿಬಿಡಿ. ಇನ್ನೊಂದು ನಿಮಿಷ ತಡವಾದರೆ ಮುದ್ದೆ. ಅಂದೇ ತಿಂದು ಮುಗಿಸಿ.

ಪಾಸ್ತಾಗೆ ತುಂಬಾ ನೀರು ಬೇಕೆನ್ನುತ್ತಾರೆ. ನಲ್ಲಿ ನೀರೇ ಕೆಲವು ದಿನಕ್ಕೊಮ್ಮೆ ಬರುವಾಗ ಏನು ಮಾಡುವುದು?

100 ಗ್ರಾಂ ಪಾಸ್ತಾಗೆ ಒಂದು ಲೀಟರ್ ಎಂಬುದು ಇಟಲಿಯ ರೂಢಿ ಲೆಕ್ಕ. ಪಾಲಿಸಿದರೆ ಅಂಟಿಕೊಳ್ಳುವ ಭಯವಿಲ್ಲ, ಅಷ್ಟೇ. 250 ಗ್ರಾಂಗೆ ಒಂದೂವರೆ ಲೀಟರ್ ಸಾಕು. ಆದರೆ ಮೊದಲ ಎರಡು ನಿಮಿಷ ಕೈಬಿಡದೆ ತಿರುವಬೇಕು, ಆಮೇಲೂ ಆಗಾಗ ಸೌಟು ಆಡಿಸಬೇಕು. ಅಂಟುವುದು ಆ ಮೊದಲ ಎರಡು ನಿಮಿಷದಲ್ಲೇ: ಮೇಲ್ಮೈ ಪಿಷ್ಟ ಅಂಟಾಗಿ ಕಾಳಿಗೆ ಕಾಳು ಹತ್ತಿಕೊಳ್ಳುತ್ತದೆ.

ಲೀಟರ್‌ಗೆ 10 ಗ್ರಾಂ ಉಪ್ಪು, ಅಂದರೆ ಪುಡಿ ಉಪ್ಪು ಎರಡು ಚಮಚಕ್ಕೆ ಸ್ವಲ್ಪ ಕಡಿಮೆ. ನೀರು ಕಡಿಮೆ ಇಟ್ಟಿದ್ದರೂ ಇದೇ ಪ್ರಮಾಣ. ಪಾಸ್ತಾದ ಒಳಕ್ಕೆ ಉಪ್ಪು ಹೋಗುವುದು ಬೇಯುವಾಗ ಮಾತ್ರ. ಆಮೇಲೆ ಎಷ್ಟು ಉದುರಿಸಿದರೂ ಹೊರಗೇ ಉಳಿದು, ನಾಲಿಗೆಗೆ ಉಪ್ಪು, ಹಲ್ಲಿಗೆ ಸಪ್ಪೆ ಆಗುತ್ತದೆ. ಸೋಸಿದ ಗಂಜಿನೀರು ಒಂದು ಸೌಟು ಸಾರಿಗೆ ಹಾಕಬಹುದು, ಸಾರಿನ ಉಪ್ಪು ಅಷ್ಟು ಕಡಿಮೆ ಮಾಡಿ. ಗಿಡಗಳಿಗೆ ಸುರಿಯಬೇಡಿ, ಉಪ್ಪು ಬೇರಿಗೆ ಒಳ್ಳೆಯದಲ್ಲ.

ಕುದಿಯುವ ನೀರಿಗೆ ಎಣ್ಣೆ ಹಾಕಬೇಕೇ?

ಬೇಡ. ಎಣ್ಣೆ ನೀರಿನ ಮೇಲೆ ತೇಲುತ್ತದೆ, ಉಕ್ಕುವುದನ್ನು ಸ್ವಲ್ಪ ತಡೆಯುತ್ತದೆ, ಅಂಟುವುದನ್ನು ತಡೆಯುವುದಿಲ್ಲ. ಆ ಕೆಲಸ ಸೌಟಿನದು.

ಎಷ್ಟು ಮೆತ್ತಗೆ ಬೇಯಿಸಬೇಕು? ಇಟಲಿಯವರು ನಡುವೆ ಸ್ವಲ್ಪ ಬಿರುಸು ಉಳಿಸುತ್ತಾರಲ್ಲ?

ಅದು ಬಿಸಿಯಾಗಿ ತಿನ್ನುವುದಕ್ಕೆ. ತಣ್ಣಗೆ ತಿನ್ನುವುದಕ್ಕೆ ಒಳಗೆ ಬಿಳಿ ಎಳೆ ಉಳಿಯಕೂಡದು. ಬೆಂದ ಪಿಷ್ಟ ತಣ್ಣಗಾದಂತೆ ಮತ್ತೆ ಬಿಗಿಯುತ್ತದೆ. ರಾತ್ರಿಯ ಅನ್ನ ಫ್ರಿಜ್‌ನಲ್ಲಿ ಬಿರುಸಾಗುವುದೂ ಇದರಿಂದಲೇ. ಒಲೆ ಮೇಲೆ ಸರಿ ಎನ್ನಿಸಿದ ಪಾಸ್ತಾ ಫ್ರಿಜ್‌ನಿಂದ ಹೊರಬಂದಾಗ ರಬ್ಬರಾಗಿರುತ್ತದೆ. ದುರಮ್ ಪಾಸ್ತಾ ಆದರೆ ಪೊಟ್ಟಣದ ಸಮಯಕ್ಕೆ ಒಂದು ನಿಮಿಷ, ದಪ್ಪ ಪೆನ್ನೆಯಾದರೆ ಎರಡು ನಿಮಿಷ ಸೇರಿಸಿ. ಅಂಚು ಒಡೆದು ಬಿರಿಯಲು ಶುರುವಾದರೆ ಮೀರಿತೆಂದು ಅರ್ಥ.

ಕುಕ್ಕರ್‌ನಲ್ಲಿ ಒಂದು ಸೀಟಿ ಹಾಕಿಸಿದರೆ?

ಬೇಡವೇ ಬೇಡ. ನೊರೆ ಉಕ್ಕಿ ಸೀಟಿಯ ತೂತು ಕಟ್ಟಿಕೊಳ್ಳಬಹುದು, ಅದು ಅಪಾಯ. ನಡುವೆ ತೆರೆದು ಕಚ್ಚಿ ನೋಡಲೂ ಆಗುವುದಿಲ್ಲ. ಗ್ಯಾಸ್ ಉಳಿಸಬೇಕಿದ್ದರೆ ಬೇರೆ ದಾರಿ ಇದೆ: ಕುದಿಯುವ ನೀರಿಗೆ ಪಾಸ್ತಾ ಹಾಕಿ, ಎರಡು ನಿಮಿಷ ತಿರುವಿ, ಒಲೆ ಆರಿಸಿ, ಬಿಗಿಯಾಗಿ ಮುಚ್ಚಿ ಪೊಟ್ಟಣದ ಸಮಯಕ್ಕಿಂತ ಎರಡು ಮೂರು ನಿಮಿಷ ಹೆಚ್ಚು ಬಿಡಿ. ದಪ್ಪ ತಳದ ಪಾತ್ರೆ ಬೇಕು. ಮನೆಯೂ ಅಷ್ಟು ಕಾಯುವುದಿಲ್ಲ.

ನಲ್ಲಿ ನೀರಲ್ಲಿ ತೊಳೆದರೂ ಪಾಸ್ತಾ ಬೆಚ್ಚಗೇ ಇರುತ್ತದೆ, ಏಕೆ?

ನಲ್ಲಿ ತಿರುಗಿಸಿದರೆ ಬರುವುದು ಮಾಳಿಗೆ ಮೇಲಿನ ಟ್ಯಾಂಕಿನ ನೀರು. ಮೇ ತಿಂಗಳ ಮಧ್ಯಾಹ್ನ ಅದು ಸ್ನಾನಕ್ಕೂ ಬಿಸಿ ಎನ್ನಿಸುವಷ್ಟು ಕಾದಿರುತ್ತದೆ. ತಣ್ಣನೆಯ ನೀರೆಂದು ಪುಸ್ತಕದಲ್ಲಿ ಬರೆದಿರುವುದು ನಮ್ಮ ನಲ್ಲಿಗೆ ಅನ್ವಯಿಸುವುದಿಲ್ಲ. ಈ ಅಡುಗೆಯನ್ನು ಬೆಳಿಗ್ಗೆಯೇ ಮಾಡಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಮಣ್ಣಿನ ಗಡಿಗೆಯ ನೀರು ಒಂದು ಲೀಟರ್, ಅದರಲ್ಲಿ ಫ್ರಿಜ್‌ನ ಒಂದು ಟ್ರೇ ಐಸ್ ಹಾಕಿ ಅಗಲ ಬೋಗುಣಿಯಲ್ಲಿ ಸಿದ್ಧವಾಗಿಡಿ. ಸೋಸಿದ ಪಾಸ್ತಾವನ್ನು ತೂತಿನ ಬಟ್ಟಲು ಸಮೇತ ಅದರೊಳಗೆ ಇಳಿಸಿ, ಕೈಯಲ್ಲಿ ಮೆಲ್ಲಗೆ ತಿರುವಿ, ಒಂದು ನಿಮಿಷದೊಳಗೆ ಎತ್ತಿಬಿಡಿ. ಹೆಚ್ಚು ಹೊತ್ತು ಬಿಟ್ಟರೆ ನೀರು ಕುಡಿದು ಊದಿಕೊಳ್ಳುತ್ತದೆ, ಉಪ್ಪೂ ಹೊರಟುಹೋಗುತ್ತದೆ. ಬಿಸಿ ಪಾಸ್ತಾವನ್ನು ತೊಳೆಯಬಾರದೆನ್ನುವುದು ಸಾಸ್ ಅಂಟಲು ಮೇಲ್ಮೈ ಪಿಷ್ಟ ಬೇಕೆಂಬ ಕಾರಣಕ್ಕೆ. ಸಲಾಡ್‌ನಲ್ಲಿ ಅದೇ ಪಿಷ್ಟ ಗೋಂದಾಗುತ್ತದೆ, ಹೋಗಲಿ.

ಬೀದಿಯಲ್ಲಿ ಸಿಗುವ ಐಸ್‌ಗಡ್ಡೆಯನ್ನು ನೀರಿಗೆ ಹಾಕಬೇಡಿ. ಅದು ತಿನ್ನಲೆಂದು ಮಾಡಿದ್ದೋ ಅಲ್ಲವೋ ತಿಳಿಯದು. ಪಾತ್ರೆಯ ಹೊರಗೆ ಸುತ್ತ ಇಡಲು ಅಡ್ಡಿಯಿಲ್ಲ.

ತಣ್ಣಗಾದ ಮೇಲೆ ಮುದ್ದೆಯಾಗಿ ಅಂಟಿಕೊಳ್ಳುತ್ತದೆ. ಡ್ರೆಸ್ಸಿಂಗ್ ಹಾಕಿದರೆ ಜಾರಿ ತಳ ಸೇರುತ್ತದೆ.

ಎರಡಕ್ಕೂ ಮೂಲ ಒಂದೇ: ನೀರು ಸರಿಯಾಗಿ ಬಸಿದಿಲ್ಲ. ಒದ್ದೆ ಮೇಲ್ಮೈಗೆ ಎಣ್ಣೆ ಹತ್ತುವುದಿಲ್ಲ, ತಳದಲ್ಲಿ ಹುಳಿನೀರಾಗಿ ನಿಲ್ಲುತ್ತದೆ. ಮಂಡಾಳು ಒಗ್ಗರಣೆ ಮಾಡುವ ಕೈಗೆ ಇದು ಹೊಸದಲ್ಲ. ಮಂಡಾಳನ್ನು ನೀರಲ್ಲಿ ಅದ್ದಿ ಎಷ್ಟು ಹಿಂಡಬೇಕೆಂಬ ಅಂದಾಜಿನ ಮೇಲೆಯೇ ಒಗ್ಗರಣೆ ನಿಲ್ಲುತ್ತದೆ, ಇಲ್ಲೂ ಹಾಗೆಯೇ.

ತೂತಿನ ಬಟ್ಟಲನ್ನು ಏಳೆಂಟು ಸಲ ಮೇಲೆ ಕೆಳಗೆ ಕುಲುಕಿ. ಮಡಿ ಹತ್ತಿ ಬಟ್ಟೆ ಹಾಸಿ, ಪಾಸ್ತಾ ಒಂದೇ ಪದರಾಗಿ ಹರಡಿ, ಫ್ಯಾನ್ ಕೆಳಗೆ 3 ನಿಮಿಷ ಬಿಡಿ. ಬೆಂಗಳೂರಲ್ಲಿ ಹತ್ತು ನಿಮಿಷ ಬಿಟ್ಟರೂ ನಡೆದೀತು. ಇಲ್ಲಿಯ ಒಣಗಾಳಿಗೆ ಐದು ನಿಮಿಷ ದಾಟಿದರೆ ಮೇಲೆ ಚರ್ಮ ಕಟ್ಟಿ ಅಂಚು ಗಡುಸಾಗುತ್ತದೆ. ತೆಗೆದ ಕೂಡಲೇ ಎರಡು ದೊಡ್ಡ ಚಮಚ ಡ್ರೆಸ್ಸಿಂಗ್ ಸವರಿದರೆ ಮತ್ತೆ ಅಂಟುವುದಿಲ್ಲ.

ತರಕಾರಿ ಹಾಕಿದ ಅರ್ಧ ಗಂಟೆಗೆ ಬಟ್ಟಲ ತುಂಬ ನೀರು. ತಡೆಯುವುದು ಹೇಗೆ?

ಉಪ್ಪು ತಗುಲಿದ ತರಕಾರಿ ನೀರು ಬಿಡುತ್ತದೆ. ತಡೆಯಲಾಗುವುದಿಲ್ಲ, ಮೊದಲೇ ಬಿಡಿಸಿ ಚೆಲ್ಲಬಹುದು.

ಸವತೆಕಾಯಿಯನ್ನು ಉದ್ದಕ್ಕೆ ಸೀಳಿ, ಬೀಜದ ತಿರುಳನ್ನು ಚಮಚದಿಂದ ಕೆರೆದು ತೆಗೆಯಿರಿ. ಹೆಚ್ಚುವ ಮುಂಚೆ ಎರಡೂ ತುದಿ ಕತ್ತರಿಸಿ ರುಚಿ ನೋಡಿ; ನೀರು ಸಾಲದ ಬೇಸಿಗೆ ಬೆಳೆಯಲ್ಲಿ ಕಹಿ ಕಾಯಿ ಹೆಚ್ಚು, ಒಂದು ಕಹಿಕಾಯಿ ಇಡೀ ಬಟ್ಟಲನ್ನು ಕೆಡಿಸುತ್ತದೆ. ಹೋಳಿಗೆ ಅರ್ಧ ಚಮಚ ಉಪ್ಪು ಹಚ್ಚಿ 15 ನಿಮಿಷ ಬಿಟ್ಟು ಹಿಂಡಿ. ಆ ಉಪ್ಪಿನಲ್ಲಿ ಸ್ವಲ್ಪ ಹೋಳಿನಲ್ಲೇ ಉಳಿಯುವುದರಿಂದ ಡ್ರೆಸ್ಸಿಂಗ್‌ನ ಉಪ್ಪನ್ನು ಮೊದಲು ಅರ್ಧ ಚಮಚಕ್ಕೆ ನಿಲ್ಲಿಸಿ, ಕೊನೆಗೆ ರುಚಿ ನೋಡಿ ಉಳಿದದ್ದು ಸೇರಿಸಿ. ಹಿಂಡಿದ ನೀರು ಮಜ್ಜಿಗೆಗೆ ಹೋಗಲಿ.

ಟೊಮೆಟೊದ ಬೀಜ, ಲೋಳೆ ತೆಗೆದು ಗೋಡೆ ಮಾತ್ರ ಹೆಚ್ಚಿ, ಕೊನೆಯಲ್ಲಿ ಸೇರಿಸಿ. ಅತಿ ಹಣ್ಣಾದದ್ದು ಬೇಡ. ಗಜ್ಜರಿಯನ್ನು ತುರಿದರೆ ನೀರು ಬಿಡುತ್ತದೆ, ಸಣ್ಣ ಚೌಕವಾಗಿ ಹೆಚ್ಚಿ. ಉಳ್ಳಾಗಡ್ಡಿಯ ಘಾಟು ಹೋಗಲು 10 ನಿಮಿಷ ಲಿಂಬೆರಸ ಸಾಕು. ಆ ರಸವನ್ನೂ ಹಿಂಡಿ ತೆಗೆಯಿರಿ. ಸ್ವೀಟ್ ಕಾರ್ನ್ ಬೇಕೆನ್ನುವವರು ಬೇಯಿಸಿ, ಬಸಿದು, ಆರಿಸಿ ಹಾಕಬಹುದು.

ಕಡಲೆ ಎಷ್ಟು ಸೀಟಿ ಹಾಕಿಸಿದರೂ ಕಲ್ಲಿನಂತೇ ಇರುತ್ತದೆ. ಕುಕ್ಕರ್ ಕೆಟ್ಟಿದೆಯೇ?

ಕುಕ್ಕರ್ ಸರಿಯಿರಬಹುದು, ನೀರು ಗಡಸು. ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ ಕಡಲೆಯ ಕೋಶಗಳನ್ನು ಹಿಡಿದಿಟ್ಟ ಪೆಕ್ಟಿನ್ ಜೊತೆ ಸೇರಿ ಅದನ್ನು ಬಿಗಿ ಮಾಡುತ್ತದೆ. ಪಾತ್ರೆಯ ತಳದಲ್ಲಿ ಬಿಳಿ ಕಲೆ ಕಟ್ಟುವ ನೀರಾದರೆ ನೆನೆಹಾಕಲೂ ಬೇಯಿಸಲೂ ಫಿಲ್ಟರ್ ನೀರು ಬಳಸಿ. ಅದಿಲ್ಲದಿದ್ದರೆ ನೆನೆಯುವ ನೀರಿಗೆ ಒಂದು ಚಿಟಿಕೆ ಅಡುಗೆ ಸೋಡಾ, ಅರ್ಧ ಚಮಚ ಉಪ್ಪು ಹಾಕಿ, ಬೇಯಿಸುವ ಮುಂಚೆ ಚೆಲ್ಲಿ ತೊಳೆಯಿರಿ. ಸೋಡಾ ಚಿಟಿಕೆ ಮೀರಿದರೆ ಸಾಬೂನಿನ ರುಚಿ ಬರುತ್ತದೆ. ದೊಡ್ಡ ಉರಿಯಲ್ಲಿ 4 ಸೀಟಿ, ಆಮೇಲೆ ಸಣ್ಣ ಉರಿಯಲ್ಲಿ 15 ನಿಮಿಷ. ಎರಡು ಬೆರಳಲ್ಲಿ ಒತ್ತಿದರೆ ಮೆದುವಾಗಬೇಕು, ಸಿಪ್ಪೆ ಬಿಡಬಾರದು.

ಹುಳಿ ಬೇಗ ಹಾಕಬೇಡಿ; ಲಿಂಬೆ, ಟೊಮೆಟೊ ಬಿದ್ದ ಮೇಲೆ ಕಡಲೆ ಮೆತ್ತಗಾಗುವುದು ನಿಲ್ಲುತ್ತದೆ. ಬಿಸಿಯಲ್ಲಿ ಬಹಳ ದಿನ ಕೂತ ಹಳೆಯ ಕಡಲೆಗೆ ಯಾವ ಮದ್ದೂ ಇಲ್ಲ, ಹಿಟ್ಟು ಮಾಡಿಸಿ.

ಈ ಸೆಖೆಯಲ್ಲಿ ಹೊರಗೆ ಎಂಟು ಗಂಟೆ ನೆನೆದರೆ ನೊರೆಯೆದ್ದು ಹುಳಿ ವಾಸನೆ ಬರುತ್ತದೆ. ಫ್ರಿಜ್‌ನಲ್ಲಿ ನೆನೆಸಿ. ಕಡಲೆ ಮರೆತಿದ್ದರೆ ಹೆಸರುಕಾಳಿನ ಮೊಳಕೆ ಹಾಕಬಹುದು, ಆದರೆ ಹಸಿಯಾಗಿ ಬೇಡ. ಮೊಳಕೆ ಬರುವ ಬೆಚ್ಚನೆಯ ತೇವದಲ್ಲೇ ರೋಗಾಣುವೂ ಬೆಳೆಯುತ್ತದೆ. ಕುದಿಯುವ ನೀರಲ್ಲಿ 3 ನಿಮಿಷ ಬೇಯಿಸಿ ಹಾಕಿ.

ಆಲಿವ್ ಎಣ್ಣೆ ಬೇಕೇ ಬೇಕೆ?

ಇಲ್ಲ. ಸೂರ್ಯಕಾಂತಿ ಎಣ್ಣೆ ಫ್ರಿಜ್‌ನಲ್ಲೂ ತೆಳ್ಳಗೇ ಇರುತ್ತದೆ, ತನ್ನ ವಾಸನೆ ಮುಂದೆ ಮಾಡುವುದಿಲ್ಲ. ಗಾಣದ ಶೇಂಗಾ ಎಣ್ಣೆಗೆ ರುಚಿ ಹೆಚ್ಚು. ತಣ್ಣಗಾದರೆ ಮಸುಕಾಗಬಹುದು, ಹೊರಗಿಟ್ಟ ಹತ್ತು ನಿಮಿಷಕ್ಕೆ ತಿಳಿಯಾಗುತ್ತದೆ. ಆಲಿವ್ ಎಣ್ಣೆಯೂ ಫ್ರಿಜ್‌ನಲ್ಲಿ ಹೆಪ್ಪುಗಟ್ಟುವುದುಂಟು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೇ ಗಟ್ಟಿಯಾಗಿ ಪಾಸ್ತಾ ಮೇಲೆ ಮೇಣದಂತೆ ಕೂರುತ್ತದೆ, ಅದು ಬೇಡ.

ಆಲಿವ್ ಕಾಯಿ, ಕೇಪರ್ಸ್, ಫೆಟಾ ಚೀಸ್ ಎಂದೆಲ್ಲ ಇರುತ್ತದೆ. ಗಂಗಾವತಿಯಲ್ಲಿ ಎಲ್ಲಿಂದ ತರುವುದು?

ತರಬೇಕಿಲ್ಲ. ಅವುಗಳ ಕೆಲಸ ನಡುನಡುವೆ ಉಪ್ಪು, ಹುಳಿಯ ಚುರುಕು ಕೊಡುವುದು. ಲಿಂಬೆ ಉಪ್ಪಿನಕಾಯಿಯ ಎರಡು ಹೋಳನ್ನು ಬಟಾಣಿಗಿಂತ ಸಣ್ಣಗೆ ಹೆಚ್ಚಿ ಹಾಕಿದರೆ ಅದೇ ಕೆಲಸ ಇನ್ನೂ ಚೆನ್ನಾಗಿ ಆಗುತ್ತದೆ, ಡ್ರೆಸ್ಸಿಂಗ್ ಉಪ್ಪು ಕಾಲು ಚಮಚ ಇಳಿಸಿ. ಫೆಟಾ ಬದಲು ಪನೀರ್ ಪುಡಿಮಾಡಿ, 100 ಗ್ರಾಂಗೆ ಕಾಲು ಚಮಚ ಉಪ್ಪು, ಒಂದು ಚಮಚ ಲಿಂಬೆರಸ ಸವರಿ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ.

ಮನೆಯಲ್ಲಿ ಶೇಂಗಾ ಚಟ್ನಿಪುಡಿ ಇದ್ದರೆ ಬಿಡಬೇಡಿ. ನಾಲ್ಕು ಜನದ ಅಳತೆಗೆ ಎರಡು ದೊಡ್ಡ ಚಮಚ, ತಿನ್ನುವ ಮುಂಚೆ ಹಾಕಿ. ಪುಡಿ ಹೆಚ್ಚುವರಿ ತೇವ ಹೀರಿಕೊಂಡು ಪಾಸ್ತಾಗೆ ಹತ್ತಿಕೊಳ್ಳುತ್ತದೆ, ಪೊಟ್ಟಣದ ಮಸಾಲೆಯಾವುದೂ ಇದರ ಹತ್ತಿರ ಬರುವುದಿಲ್ಲ. ಗುರೆಳ್ಳು ಚಟ್ನಿಪುಡಿಯೂ ಸೈ, ಒಂದೇ ದೊಡ್ಡ ಚಮಚ. ಹೆಚ್ಚಾದರೆ ಸಲಾಡ್ ಕಪ್ಪಾಗಿ, ಕಹಿ ಮುಂದೆ ಬರುತ್ತದೆ. ಅಗಸಿ ಪುಡಿ ತೇವ ತಗುಲಿದರೆ ಲೋಳೆಯಾಗುತ್ತದೆ, ಇದಕ್ಕೆ ಹೊಂದದು.

ಲಿಂಬೆ ಬದಲು ಮಾವಿನಕಾಯಿ ನಡೆಯುತ್ತದೆಯೇ?

ಚೆನ್ನಾಗಿಯೇ ನಡೆಯುತ್ತದೆ. ಹುಳಿ ಮಾವಿನಕಾಯಿ ತುರಿ ನಾಲ್ಕು ದೊಡ್ಡ ಚಮಚ, ಲಿಂಬೆ ಅರ್ಧಕ್ಕೆ ಇಳಿಸಿ. ಕಾಯಿಯ ಹುಳಿ ಒಂದೊಂದರದು ಒಂದೊಂದು, ರುಚಿ ನೋಡಿ ಹಾಕಿ. ಕೊಪ್ಪಳದ ಕಡೆಯ ದಾಳಿಂಬೆ ಸಿಕ್ಕರೆ ಒಂದು ಹಿಡಿ ಕಾಳು ಮೇಲೆ ಉದುರಿಸಿ. ಹಣ್ಣಾದ ಮಾವು ಮಾತ್ರ ಬೇಡ, ಅದನ್ನು ಸುಮ್ಮನೆ ತಿನ್ನುವುದೇ ಸರಿ.

ಮಯೊನೀಸ್ ಹಾಕಿದರೆ?

ನಮ್ಮ ಬೇಸಿಗೆಗೆ ಬೇಡ ಎಂಬುದು ನೇರ ಉತ್ತರ. ಹಸಿ ಮೊಟ್ಟೆಯಲ್ಲಿ ಮಾಡಿದ್ದಂತೂ ಬೇಡವೇ ಬೇಡ. ಅದರಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಭಯ ಇದ್ದದ್ದೇ. ರಾಯಚೂರಿನ ಗಡಿಯಾಚೆಯ ತೆಲಂಗಾಣ 2024ರ ಅಕ್ಟೋಬರ್ ಕೊನೆಯಲ್ಲಿ ಹಸಿ ಮೊಟ್ಟೆಯ ಮಯೊನೀಸನ್ನು ಒಂದು ವರ್ಷ ನಿಷೇಧಿಸಿತ್ತು, ತಮಿಳುನಾಡು 2025ರ ಏಪ್ರಿಲ್‌ನಲ್ಲಿ ಅದೇ ಹಾದಿ ಹಿಡಿಯಿತು. ಅಂಗಡಿಯ ಮೊಟ್ಟೆರಹಿತ ಬಾಟಲಿಯದು ಅಷ್ಟು ಅಪಾಯದ್ದಲ್ಲ, ಆದರೆ ತೆರೆದ ಮೇಲೆ ಫ್ರಿಜ್‌ನಲ್ಲೇ ಇರಬೇಕು. ಜೊತೆಗೆ ಬಿಸಿಲಲ್ಲಿ ಜಿಡ್ಡು ಬೇರ್ಪಟ್ಟು ತಿನ್ನಲೂ ಹಿತವಿರುವುದಿಲ್ಲ.

ಬೆಳ್ಳಗೆ, ಮಂದವಾಗಿ ಬೇಕೆನ್ನುವವರು ಮೊಸರು ಬಳಸಿ. 200 ಗ್ರಾಂ ಗಟ್ಟಿ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಫ್ರಿಜ್ ಒಳಗೇ ಎರಡು ಗಂಟೆ ಬಸಿಯಿರಿ. ಹೊರಗೆ ಮೊಳೆಗೆ ತೂಗುಹಾಕಿದರೆ ನೀರು ಬಸಿಯುವಷ್ಟರಲ್ಲಿ ಹುಳಿಯಾಗಿರುತ್ತದೆ. ಬಸಿದ ಮೊಸರಿಗೆ ಎಣ್ಣೆ ಎರಡು ದೊಡ್ಡ ಚಮಚ, ಸಾಸಿವೆ ಪುಡಿ, ಜೀರಿಗೆ ಪುಡಿ ಸೇರಿಸಿ ಕಡೆಯಿರಿ, ಲಿಂಬೆ ಒಂದು ಚಮಚ ಸಾಕು. ತಿನ್ನುವ ಮುಂಚೆಯೇ ಬೆರೆಸಿ, ಅಂದೇ ಮುಗಿಸಿ.

ಬೆಳಿಗ್ಗೆ ರುಚಿಯಾಗಿತ್ತು, ಮಧ್ಯಾಹ್ನ ಸಪ್ಪೆ, ಒಣ ಒಣ. ಏಕೆ?

ಪಾಸ್ತಾ ಕೂತಲ್ಲೇ ಡ್ರೆಸ್ಸಿಂಗ್ ಹೀರುತ್ತದೆ. ಮೂರನೇ ಒಂದು ಪಾಲು ಮಾತ್ರ ಮೊದಲು ಹಾಕಿ ಉಳಿದದ್ದು ತಡೆಹಿಡಿಯುವುದು ಅದಕ್ಕೇ. ಇನ್ನೊಂದು: ತಣ್ಣಗಿರುವುದರ ರುಚಿ ನಾಲಿಗೆಗೆ ಮಂದ. ಬೆಚ್ಚಗಿದ್ದಾಗ ಸರಿಯಾದ ಉಪ್ಪು, ಹುಳಿ ತಣ್ಣಗಾದಾಗ ಕಡಿಮೆ ಎನ್ನಿಸುತ್ತದೆ. ಕೊನೆಯ ರುಚಿ ನೋಡುವುದು ತಣ್ಣಗಿರುವಾಗಲೇ ಆಗಲಿ. ಖಾರದ ಮಾತು ಬೇರೆ: ಮೆಣಸಿನಕಾಯಿಯ ಖಾರ ಎಣ್ಣೆಯಲ್ಲಿ ಕರಗುವಂಥದ್ದು, ಬಾಟಲಿಯಲ್ಲಿ ಕೂತಷ್ಟೂ ಹರಡುತ್ತದೆ. ಬೆಳಿಗ್ಗೆ ಖಾರ ಸಾಲದೆಂದು ಇನ್ನೊಂದು ಕಾಯಿ ಹೆಚ್ಚಿ ಹಾಕಿದರೆ ಮಧ್ಯಾಹ್ನ ಉರಿಯುತ್ತದೆ.

ಎಷ್ಟು ಹೊತ್ತು ಹೊರಗಿಡಬಹುದು?

32 ಡಿಗ್ರಿ ಮೀರಿದ ಕಡೆ ಒಂದು ಗಂಟೆ. ಸಾಮಾನ್ಯ ಲೆಕ್ಕದ ಎರಡು ಗಂಟೆ ನಮ್ಮ ಏಪ್ರಿಲ್, ಮೇ ತಿಂಗಳಿಗೆ ಅನ್ವಯಿಸುವುದಿಲ್ಲ. ಅನ್ನ, ಪಾಸ್ತಾದಂಥ ಬೆಂದ ಪಿಷ್ಟದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದರ ಬೀಜಾಣು ಕುದಿತಕ್ಕೂ ಸಾಯುವುದಿಲ್ಲ, ಬೆಚ್ಚಗಿನ ಜಾಗ ಸಿಕ್ಕರೆ ಮೊಳೆತು ವಿಷ ಬಿಡುತ್ತದೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ವಾಸನೆಯಿಂದ ಗೊತ್ತಾಗುತ್ತದೆ ಎಂದು ಕಾಯಬೇಡಿ, ಗೊತ್ತಾಗುವುದಿಲ್ಲ. ಲಿಂಬೆ ಹಾಕಿದೆ, ಕೆಡುವುದಿಲ್ಲ ಎಂಬ ಧೈರ್ಯವೂ ಬೇಡ. ಇಷ್ಟು ಹುಳಿ ಕಾಪಾಡಲು ಸಾಲದು.

ಕಚೇರಿಗೆ ಡಬ್ಬಿಯಲ್ಲಿ ಒಯ್ಯಬಹುದೇ?

ಬೇಸಿಗೆಯಲ್ಲಿ ಈ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವಾಗ ಮನೆಗೆ ಬಂದು ತಿನ್ನುವುದೇ ಸಲೀಸು. ಒಯ್ಯಲೇಬೇಕಾದರೆ ರಾತ್ರಿಯೇ ಮಾಡಿ, ಪೂರ್ತಿ ತಣ್ಣಗಾದದ್ದನ್ನು ಫ್ರಿಜ್‌ನಲ್ಲಿ ತಣಿಸಿದ ಫ್ಲಾಸ್ಕ್ ಡಬ್ಬಿಗೆ ತುಂಬಿ. ಪಕ್ಕಕ್ಕೆ ರಾತ್ರಿಯೆಲ್ಲ ಫ್ರೀಜರ್‌ನಲ್ಲಿಟ್ಟ ಅರ್ಧ ಲೀಟರ್ ನೀರಿನ ಬಾಟಲಿ ಇಟ್ಟು ಎರಡನ್ನೂ ದಪ್ಪ ಟವೆಲ್‌ನಲ್ಲಿ ಸುತ್ತಿ. ಬಾಟಲಿಯಲ್ಲಿ ಐಸ್ ಪೂರ್ತಿ ಕರಗುವ ಮುಂಚೆ ತಿನ್ನಿ. ಬೈಕಿನ ಡಿಕ್ಕಿಯಲ್ಲಿ, ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ. ಮೊಸರಿನದ್ದು, ಪನೀರಿನದ್ದು ಡಬ್ಬಿಗೆ ಬೇಡ.

ಫ್ರಿಜ್‌ನಲ್ಲಿ ಎಷ್ಟು ದಿನ? ಕರೆಂಟು ಹೋದರೆ?

5 ಡಿಗ್ರಿ ಒಳಗಿರುವ ಫ್ರಿಜ್‌ನಲ್ಲಿ ತರಕಾರಿ ಬೆರೆಸದ ಪಾಸ್ತಾ, ಕಡಲೆ ಎರಡು ದಿನ. ತರಕಾರಿ ಬೆರೆಸಿದ್ದು ಅಂದೇ. ಕರೆಂಟು ಹೋದಾಗ ಬಾಗಿಲು ತೆಗೆಯದಿದ್ದರೆ ಸುಮಾರು 4 ಗಂಟೆ ತಂಪು ನಿಲ್ಲುತ್ತದೆ. ತಣ್ಣೀರಿಗೆಂದು ಮನೆಮಂದಿಯೆಲ್ಲ ಬಾಗಿಲು ತೆಗೆಯುತ್ತಿದ್ದರೆ ಆ ಲೆಕ್ಕ ಬಿಡಿ. ಹಸಿ ಬೆಳ್ಳುಳ್ಳಿ ಇರುವ ಡ್ರೆಸ್ಸಿಂಗ್ ಬಾಟಲಿಯನ್ನು ಹೊರಗಿಡಲೇಬಾರದು. ಎಣ್ಣೆಯಲ್ಲಿ ಮುಳುಗಿದ ಬೆಳ್ಳುಳ್ಳಿಯಲ್ಲಿ ಗಾಳಿಯಿಲ್ಲದೆ ಬೆಳೆಯುವ ಬಾಟುಲಿಸಂ ವಿಷದ ಭಯವಿದೆ. ಫ್ರಿಜ್‌ನಲ್ಲಿ ಮೂರು ದಿನ, ಅಷ್ಟೇ.

ಒಗ್ಗರಣೆ ಕೊಟ್ಟರೆ ಉಪ್ಪಿಟ್ಟಾಗುವುದಿಲ್ಲವೇ?

ಆಗುವುದಿಲ್ಲ, ಆರಿಸಿ ಹಾಕಿದರೆ. ಡ್ರೆಸ್ಸಿಂಗ್‌ನ ನಾಲ್ಕು ದೊಡ್ಡ ಚಮಚ ಎಣ್ಣೆಯಲ್ಲಿ ಎರಡನ್ನು ಕಾಯಿಸಿ ಸಾಸಿವೆ, ಜೀರಿಗೆ, ಕರಿಬೇವು ಸಿಡಿಸಿ, ಪೂರ್ತಿ ತಣ್ಣಗಾದ ಮೇಲೆ ಬಾಟಲಿಗೆ ಸುರಿಯಿರಿ. ಉಳ್ಳಾಗಡ್ಡಿ, ಬೆಳ್ಳುಳ್ಳಿ ತಿನ್ನದವರು ಇದೇ ಒಗ್ಗರಣೆಗೆ ಒಂದು ಚಿಟಿಕೆ ಇಂಗು ಸೇರಿಸಿದರೆ ಅವೆರಡರ ಕೊರತೆ ಕಾಣುವುದಿಲ್ಲ.

ಜೋಳದ, ಸಿರಿಧಾನ್ಯದ ಪಾಸ್ತಾದಲ್ಲಿ ಮಾಡಬಹುದೇ?

ಮಾಡಬಹುದು, ಫ್ರಿಜ್‌ನಲ್ಲಿಟ್ಟು ತಿನ್ನುವ ಹಾಗಿಲ್ಲ. ಅದರಲ್ಲಿ ಗೋಧಿಯ ಅಂಟಿಲ್ಲ. ಬೇಯುವಾಗ ಮುರಿಯುತ್ತದೆ, ತಣ್ಣಗಾದರೆ ಬೇಗ ಬಿರುಸಾಗಿ ಪುಡಿಯಾಗುತ್ತದೆ. ಅತಿಯಾಗಿ ತಿರುವದೆ ಪೊಟ್ಟಣದ ಸಮಯಕ್ಕೇ ಇಳಿಸಿ, ತಣ್ಣೀರನ್ನು ಮೇಲಿಂದ ಮೆಲ್ಲಗೆ ಸುರಿದು, ಅರ್ಧ ಗಂಟೆಯೊಳಗೆ ತಿನ್ನಿ. ಮಿಶ್ರಣ ಪಾಸ್ತಾಗಳಲ್ಲಿ ಜೋಳ ಎಷ್ಟು, ಮೈದಾ ಎಷ್ಟು ಎಂದು ಪೊಟ್ಟಣದ ಹಿಂದೆ ಓದಿ. ಮುಂದೆ ತೆನೆಯ ಚಿತ್ರ ದೊಡ್ಡದಿರುತ್ತದೆ.

ಸಕ್ಕರೆ ಕಾಯಿಲೆ ಇರುವವರಿಗೆ?

ಪಾಸ್ತಾ ಅರ್ಧ ಮಾಡಿ, ಕಡಲೆ ಮತ್ತು ತರಕಾರಿ ಇಮ್ಮಡಿ ಮಾಡಿ, ಸಕ್ಕರೆ ಬಿಡಿ. ತಣ್ಣಗಾದ ಪಿಷ್ಟದಲ್ಲಿ ಸ್ವಲ್ಪ ಪಾಲು ಬೇಗ ಜೀರ್ಣವಾಗದ ರೂಪಕ್ಕೆ ತಿರುಗುತ್ತದೆ ಎಂಬುದು ನಿಜ. ಅದನ್ನೇ ನೆಪ ಮಾಡಿಕೊಂಡು ಎರಡು ತಟ್ಟೆ ತಿನ್ನುವಷ್ಟು ದೊಡ್ಡ ಪಾಲಲ್ಲ.

ಮನೆಯ ಕಾರ್ಯಕ್ಕೆ 25 ಜನಕ್ಕೆ ಮಾಡುವಾಗ ಎಲ್ಲವನ್ನೂ ಆರು ಪಟ್ಟು ಮಾಡಿದರೆ ಸಾಕೇ?

ಊಟದ ಜೊತೆ ಪಕ್ಕಕ್ಕೆ ಬಡಿಸುವುದಾದರೆ ಒಂದು ಕಿಲೋ ಪಾಸ್ತಾ ಸಾಕು, ಅಂದರೆ ನಾಲ್ಕು ಪಟ್ಟು. ಒಂದೇ ಹಂಡೆಗೆ ಸುರಿಯಬೇಡಿ: ನೀರಿನ ಕುದಿ ನಿಂತುಹೋಗುತ್ತದೆ, ಸೋಸುವಷ್ಟರಲ್ಲಿ ತಳದ್ದು ಹೆಚ್ಚು ಬೆಂದಿರುತ್ತದೆ. ಅರ್ಧ ಅರ್ಧ ಕಿಲೋ ಎರಡು ಸಲ ಬೇಯಿಸಿ. ಎರಡನೆಯದಕ್ಕೂ ಅದೇ ನೀರು ಸಾಕು, ಕುಗ್ಗಿದಷ್ಟು ಕುದಿನೀರು ಸೇರಿಸಿ. ಎಣ್ಣೆ, ಲಿಂಬೆ ನಾಲ್ಕು ಪಟ್ಟು, ಉಪ್ಪು ಮತ್ತು ಹಸಿಮೆಣಸಿನಕಾಯಿ ಮೂರು ಪಟ್ಟಿಗೆ ನಿಲ್ಲಿಸಿ ಕೊನೆಗೆ ಸರಿಮಾಡಿ. ಆಳವಾದ ಪಾತೇಲಿಯಲ್ಲಿ ತುಂಬಿಟ್ಟರೆ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ, ಎರಡು ಬೆರಳು ದಪ್ಪಕ್ಕೆ ಅಗಲ ಪರಾತಗಳಲ್ಲಿ ಹರಡಿ ತಣಿಸಿ. ಬಡಿಸುವಾಗಲೂ ಎಲ್ಲವನ್ನೂ ಒಮ್ಮೆಲೇ ಹೊರಗೆ ತರಬೇಡಿ: ಒಂದು ಪರಾತ ಪಂಕ್ತಿಗೆ, ಉಳಿದವು ಫ್ರಿಜ್‌ನಲ್ಲಿ. ತಟ್ಟೆಯಲ್ಲಿ ಉಳಿದದ್ದನ್ನು ಮತ್ತೆ ಡಬ್ಬಿಗೆ ಸೇರಿಸಬೇಡಿ.